ಒದ್ದೆ ಕಾಂಕ್ರೀಟಿನ ದಣಿವು

ತೋಡಾರಿನ ಬಳಿ ತೋಡಿಗೊಂದು ಹೊಸ ಸೇತುವೆ ಕಟ್ಟುತ್ತಿದ್ದಾರೆ. ಇವತ್ತು ಬೆಳಿಗ್ಗೆ ಅಲ್ಲಿಂದ ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸ್ಸಿಗೆ ಹೊರಟವನು ಕೊಡೆ ಹಿಡಿದು ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಹಳೆಯದೆಲ್ಲ ನೆನಪಾಗುತ್ತದಂತೆ. ತಲೆಗೂದಲು ಉದುರುವವರೆಗೆ ಮೂಡುಬಿದಿರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳಿದ ನನಗೆ ಸಿಮೆಂಟೇ ಗತಿ.

ಮಳೆ ಹನಿಯುತ್ತಿದ್ದರೂ ಮೇಸ್ತ್ರಿಯೊಬ್ಬ ಪೈಪು ಹಿಡಿದು ನೀರುಣಿಸುತ್ತಿದ್ದ. ಕಾಂಕ್ರೀಟು ನೀರು ಕುಡಿದಷ್ಟೂ ಗಟ್ಟಿ ಎಂಬುದು ನಮ್ಮೂರಿನ ವೇದವಾಕ್ಯ. ಎಳೆಯ ಕಾಂಕ್ರೀಟಿಗೆ ಅದು ನಿಜವೇ. ಬಲಿತ ಮೇಲೆ? ಈ ಪ್ರಶ್ನೆ ಹೊಳೆದದ್ದು ನನಗಲ್ಲ, ನನ್ನ ಬಳಿ ಸಂಶೋಧನೆಗೆ ಸೇರಿದ ಬಂಟ್ವಾಳದ ಸಫಿಯಾಳಿಗೆ.

ಕಾಂಕ್ರೀಟಿಗೂ ದಣಿವುಂಟು, ತಿಳಿಯಿತೇ? ಒಮ್ಮೆ ಹೊರಿಸಿದ ಭಾರವನ್ನು ಸಲೀಸಾಗಿ ತಡೆಯುವ ಕಂಬಕ್ಕೆ ಅದಕ್ಕಿಂತ ಕಡಿಮೆ ಭಾರವನ್ನೇ ಮತ್ತೆ ಮತ್ತೆ ಹೊರಿಸಿ ಇಳಿಸಿದರೆ, ಒಂದು ದಿನ ಅದು ಸೋಲುತ್ತದೆ. ಚಾರ್ಮಾಡಿ ಇಳಿದು ಬರುವ ಲಾರಿಗಳು ಸೇತುವೆಗಳಿಗೆ ಮಾಡುವುದು ಇದನ್ನೇ. ಅಧಿಕ ಬಲದ ಕಾಂಕ್ರೀಟಂತೂ ಬಲು ದಟ್ಟ. ಒಳಗಿನ ತೇವ ಸುಲಭಕ್ಕೆ ಹೊರಬರುವುದಿಲ್ಲ. ಪ್ರತಿ ಒತ್ತಡಕ್ಕೂ ಆ ನೀರು ಬಿರುಕನ್ನು ಒಳಗೊಳಗೇ ದೂಡಿ ಹಿಗ್ಗಿಸುತ್ತದೆ ಎಂಬುದು ಅವಳ ಊಹೆ. ನಮ್ಮ ಮಳೆಗೆ ಒಣ ಕಾಂಕ್ರೀಟು ಎಲ್ಲಿಂದ ತರುವುದು ಎಂದು ನಾನು ನಕ್ಕೆ.

“ಅದಕ್ಕೇ ಸರ್, ಇಲ್ಲೇ ನೋಡ್ಬೇಕಾದ್ದು” ಎಂದಳು.

ಒಂದೇ ಹದದಲ್ಲಿ ಸಿಲಿಂಡರುಗಳನ್ನು ಎರಕ ಹೊಯ್ದು, ಕೆಲವನ್ನು ಒಣಗಿಸಿ, ಉಳಿದವನ್ನು ತೇವ ಆರದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಳು. ದಣಿಸಿ ನೋಡುವ ಯಂತ್ರ ಇದ್ದದ್ದು ಮಂಗಳೂರಿನ ಕಡೆಯ ಪ್ರಯೋಗಾಲಯದಲ್ಲಿ. ಸರದಿ ತಪ್ಪಿದರೆ ಮುಂದಿನ ವರ್ಷವೇ.

ಅವಳು ಹಬ್ಬಕ್ಕೆ ಬಂಟ್ವಾಳಕ್ಕೆ ಹೋಗಿದ್ದಾಗ, ಆಟಿ ತಿಂಗಳ ಜಡಿಮಳೆಯ ನಡುವೆ ಬಿಸಿಲು ಬಂತು. ಆಟಿಯ ಬಿಸಿಲೆಂದರೆ ನಾವು ಬಿಡುವ ಜನವೇ? ತಲೆದಿಂಬಿನಿಂದ ಉಪ್ಪಿನಕಾಯಿ ಭರಣಿಯವರೆಗೆ ಎಲ್ಲವೂ ಅಂಗಳಕ್ಕೆ ಇಳಿಯುತ್ತದೆ. ನಮ್ಮ ಪ್ರಯೋಗಾಲಯದ ಸಹಾಯಕ ಜಿನ್ನಪ್ಪಣ್ಣ ಪ್ಲಾಸ್ಟಿಕ್ಕನ್ನೆಲ್ಲ ಬಿಚ್ಚಿ, ಸಿಲಿಂಡರುಗಳನ್ನು ಹಪ್ಪಳದ ಹಾಗೆ ಸಾಲಾಗಿ ಬಿಸಿಲಿಗಿಟ್ಟರು. ಬಿಸಿಲು ಇದ್ದಷ್ಟು ದಿನವೂ ಇಟ್ಟರು.

“ಬೂಷ್ಟು ಹಿಡೀತದೆ ಅಂತ ಒಣಗ್ಲಿಕ್ಕೆ ಇಟ್ಟದ್ದು ಮೇಡಂ” ಎಂದರು, ಅವಳು ಮರಳಿದಾಗ. ಪ್ರೀತಿಯಿಂದಲೇ ಮಾಡಿದ್ದು, ಬೈಯುವುದಾದರೂ ಹೇಗೆ?

ವಿಭಾಗದ ಮುಖ್ಯಸ್ಥರು ಸುಲಭದ ಉಪಾಯ ಹೇಳಿದರು: ತೊಟ್ಟಿಯಲ್ಲಿ ಮುಳುಗಿಸಿ ತೆಗೆದರಾಯಿತು, ಸರದಿಯೂ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸಫಿಯಾ ಒಂದು ಸಿಲಿಂಡರನ್ನು ಸವರುತ್ತಾ ನಿಂತಳು. ಅವಳ ಜತೆಗೆ ಸೇರಿದವರೆಲ್ಲ ಆಗಲೇ ಪ್ರಬಂಧ ಬರೆಯತೊಡಗಿದ್ದರು.

“ಮುಳುಗಿಸಿದ್ರೆ ಒದ್ದೆ ಕಾಣ್ತದೆ ಸರ್. ಒಳಗೆ ಎಷ್ಟು ಉಂಟು ಅಂತ ನಾನು ಹೇಗೆ ಹೇಳ್ಲಿ?”

ಸರದಿ ಬಿಟ್ಟುಕೊಟ್ಟಳು. ಮತ್ತೆ ಎರಕ ಹೊಯ್ದಳು. ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ ಜಿನ್ನಪ್ಪಣ್ಣನನ್ನೇ ಕರೆದು ಪ್ಲಾಸ್ಟಿಕ್ ಸುತ್ತಿಸಿದಳು. ಆಮೇಲೆ ಸಿಲಿಂಡರುಗಳಿದ್ದ ಕೋಣೆಯ ಬಳಿ ಬಿಸಿಲು ಸುಳಿದರೂ ಅವರು ಬಿಡುತ್ತಿರಲಿಲ್ಲ.

ಮರುವರ್ಷ ಯಂತ್ರದಡಿ ಒದ್ದೆಯವು ಒಣಗಿದವುಗಳಿಗಿಂತ ಬಹಳ ಮೊದಲೇ ಸೋತು ಒಡೆದವು. ಒದ್ದೆಯೆಂದದ್ದು ನಿಜಕ್ಕೂ ಒದ್ದೆಯೇ ಎಂದು ನಂಬುವುದು ಹೇಗೆ ಎಂದು ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಕೆಣಕಿದರು. ಅವಳು ಕಳೆದುಕೊಂಡ ವರ್ಷದ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ನಕ್ಕರು, ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ಇವತ್ತು ಬಸ್ಸು ತಪ್ಪಿತು. ಹೊತ್ತು ಕಳೆಯಲು ಸೇತುವೆಯ ಎಳೆಯ ಇಂಜಿನಿಯರನ್ನು ಮಾತಿಗೆಳೆದೆ. ಮೊದಲಿನ ನಕ್ಷೆಯಲ್ಲಿ ಮೇಲ್ಮೈಯ ನೀರು ಸರಿಯಾಗಿ ಹರಿದುಹೋಗುತ್ತಿರಲಿಲ್ಲವಂತೆ. ತಪಾಸಣೆಗೆ ಬಂದ ಮೇಡಂ ಒಪ್ಪದೆ ತಿದ್ದಿಸಿದರಂತೆ, ಕೆಲಸ ತಡವಾದರೂ ಜಗ್ಗಲಿಲ್ಲವಂತೆ. ಯಾವ ಮೇಡಂ ಎಂದು ಕೇಳಿದೆ.

“ಬಂಟ್ವಾಳದ ಸಫಿಯಾ ಮೇಡಂ. ನಿಮಗೆ ಗುರ್ತ ಉಂಟಾ?”

“ನನ್ನ ವಿದ್ಯಾರ್ಥಿನಿ” ಎಂದೆ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. ಆಚೆ ದಡದ ಕೆಲಸದವರೆಲ್ಲ ತಿರುಗಿ ನೋಡಿದರು.