ಬಂಡ್ರಿಯವರು ಕೇಳಿದ್ದು

ಭೂಮಿಯ ಆಳದ ಬಿಸಿಯಿಂದ ಕರೆಂಟ್ ತಯಾರಿಸಬಹುದು ಎಂದು ಊರೂರಿಗೆ ಹೋಗಿ ಹೇಳುವುದು ಆ ವರ್ಷ ನನ್ನ ಕೆಲಸ. ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ಸು ಹತ್ತಿ ಸಂಡೂರಿನ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆ. ಎಲ್ಲಿಯೂ ಇನ್ನೂ ನೆಲ ಕೊರೆದಿರಲಿಲ್ಲ. ಕೊರೆಯಲು ಬಂದರೆ ಜನ ಒಪ್ಪುತ್ತಾರೋ ಇಲ್ಲವೋ ತಿಳಿಯಬೇಕಿತ್ತು, ಅಷ್ಟೇ. ಅದೇ ಮಾತು ಹೇಳಿ ಹೇಳಿ ನನಗೇ ಸಾಕಾಗಿತ್ತು.

ಬಂಡ್ರಿಯ ಸಮುದಾಯ ಭವನದಲ್ಲಿ ಆ ಮಧ್ಯಾಹ್ನ ಹೆಂಗಸರೇ ಹೆಚ್ಚು ಸೇರಿದ್ದರು. ಆಳದಲ್ಲಿ ಬಂಡೆ ಕಾದಿರುತ್ತದೆ, ಕೊಳವೆಯಲ್ಲಿ ನೀರು ಇಳಿಸಿದರೆ ಕಾದು ಹಬೆಯಾಗಿ ಮೇಲೆ ಬರುತ್ತದೆ, ಆ ಹಬೆಯಿಂದ ಯಂತ್ರ ತಿರುಗುತ್ತದೆ ಎಂದೆ. ಹೊಗೆಯಿಲ್ಲ, ಧೂಳಿಲ್ಲ ಎಂದೆ. ಧೂಳು ಎಂದ ಕೂಡಲೇ, ಹಿಂದೆ ಗಣಿಯಲ್ಲಿ ಕೂಲಿ ಮಾಡಿದ್ದ ಒಬ್ಬಾಕೆ ತಲೆಯೆತ್ತಿದರು.

"ಅಕ್ಕಾರ, ಗಣಿಯವ್ರೂ ಹಿಂಗ ಕುಂದ್ರಿಸಿ ಹೇಳಿದ್ರು. ಇದೂ ಗಣಿನೇ ಏನ್ರಿ, ಬ್ಯಾರೆ ಹೆಸರಿಟ್ಟು?"

"ಇಲ್ಲಮ್ಮ, ಅದಿರು ತೆಗಿಯಂಗಿಲ್ಲ. ಬಿಸಿ ಅಷ್ಟ."

"ನಮ್ಮ ಬೋರಿನ ನೀರು ಕೆಳಗ ಇಳಿದು ಹೋದ್ರ?"

ಸುತ್ತ ಗಟ್ಟಿ ಕೊಳವೆ ಇರುತ್ತದೆ, ಮೇಲಿನ ನೀರಿಗೆ ತಾಗುವುದಿಲ್ಲ ಎಂದು ನನಗೆ ಕಲಿಸಿದ್ದ ಉತ್ತರವನ್ನೇ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಅದು ನಿಮ್ಮನ್ನ ಕಳಿಸಿದವ್ರು ಹೇಳಿದ್ದು. ನಿಮ್ಮ ಮನಿ ಹಿಂದ ಕೊರಿತೀವಂದ್ರ ನೀವು ಹೂಂ ಅಂತೀರೇನ್ರಿ?"

ಬೇರೆ ದಿನವಾಗಿದ್ದರೆ ನಕ್ಕು ತೇಲಿಸಿಬಿಡುತ್ತಿದ್ದೆ. ಅಂದು ನಗುವಷ್ಟೂ ತ್ರಾಣವಿರಲಿಲ್ಲ. "ಗೊತ್ತಿಲ್ಲಮ್ಮ. ಹೂಂ ಅನ್ನೂಕಿಂತ ಮೊದ್ಲು ನಾನೂ ಭಾಳ ಪ್ರಶ್ನೆ ಕೇಳ್ತಿದ್ದೆ" ಎಂದೆ.

ಜೊತೆಗೆ ಬಂದಿದ್ದ ಎಂಜಿನಿಯರ್ ಹುಡುಗ ನನ್ನನ್ನು ದುರುಗುಟ್ಟಿ ನೋಡಿದ. ಆದರೆ ಅಲ್ಲಿಯವರೆಗೆ ಸುಮ್ಮನಿದ್ದವರೆಲ್ಲ ಆಗ ಬಾಯಿ ಬಿಟ್ಟರು. ನೆಲ ನಡುಗುತ್ತದೆಯೇ, ಕರೆಂಟ್ ಊರಿಗೋ ಫ್ಯಾಕ್ಟರಿಗೋ, ಕೆಟ್ಟರೆ ಯಾರನ್ನು ಕೇಳುವುದು ಎಂದು ಶುರುವಾಯಿತು. ಹುಡುಗ ತಾಳ್ಮೆಯಿಂದಲೇ ಉತ್ತರಿಸಿದ. ಕೆಲವಕ್ಕೆ ಅವನೂ ಗೊತ್ತಿಲ್ಲ ಎನ್ನಬೇಕಾಯಿತು.

ಸಂಜೆ ಎದ್ದು ಹೊರಡುವಾಗ ಆಕೆಯೇ ಎಲ್ಲರ ಪರವಾಗಿ ಹೇಳಿದರು. "ಈಗ ಹೂಂ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ಮೊದ್ಲು ನಮ್ಮ ಬೋರಿನ ನೀರು ಅಳತಿ ಮಾಡಿ ತೋರಿಸ್ರಿ. ಆಮ್ಯಾಲೆ ಬರ್ರಿ, ಮಾತಾಡೋಣು."

ಬಸ್ಸಿನಲ್ಲಿ ಹುಡುಗ, "ಹಂಗ ಹೇಳಬಾರದಿತ್ರಿ ಮೇಡಂ" ಎಂದ. ನಾನು ಕಿಟಕಿಗೆ ತಲೆಯಾನಿಸಿ ಕೂತೆ. ಊರವರ ಮಾತನ್ನು ಇದ್ದ ಹಾಗೇ ಕಚೇರಿಗೆ ತಿಳಿಸಿದೆವು. ನೀರು ಅಳೆಯಲು ಯಾರೂ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಆ ಯೋಜನೆಯೇ ನಿಂತಿತು, ನನ್ನ ಕೆಲಸವೂ.

ಮುಂದೊಂದು ಸಲ ಸಂಡೂರಿನ ಸಂತೆಯಲ್ಲಿ ಆಕೆ ಸಿಕ್ಕರು. ಗುರುತು ಹಿಡಿದು, "ಬರಲೇ ಇಲ್ಲಲ್ರಿ ಅಕ್ಕಾರ. ನಾವು ಕಾದ್ವಿ" ಎಂದರು.

"ಇನ್ನ ಬರಂಗಿಲ್ಲಮ್ಮ" ಎಂದೆ.

ಆಕೆ ಚೀಲವನ್ನು ಕೈ ಬದಲಿಸಿಕೊಂಡು ಊರಿನ ಬಸ್ಸಿನ ಕಡೆ ನಡೆದರು.