ದೋಣಿಯ ನುಣುಪು ಮಗ್ಗುಲು

ಈಚೆಗೆ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಮೂಲೆಗೆ ಹೋಗುತ್ತದೆ. ಗೋಡೆಗೆ ಗೋಡೆ ಸೇರುವ ಜಾಗ, ಬೀರುವಿನ ಹಲಗೆಗೆ ಹಲಗೆ ಕೂಡುವ ಜಾಗ. ನಾನು ಕಸ ಹುಡುಕುತ್ತಿದ್ದೇನೆಂದು ಮನೆಯವರು ಸಂಕೋಚಪಡುತ್ತಾರೆ. ನಾನು ಹುಡುಕುವುದು ನುಣುಪನ್ನು. ಇದು ದೋಣಿ ರಿಪೇರಿಯಿಂದ ಹತ್ತಿದ ಚಟ.

ನಾವಿರುವುದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ಈ ದಡದಲ್ಲಿ. ನನ್ನ ಹೆಂಡತಿ ಜಯಮ್ಮನ ತಂಗಿ ಸುಜಾತಳ ಮನೆ ಆ ದಡದಲ್ಲಿ. ಹಿತ್ತಲಲ್ಲಿ ನಿಂತರೆ ಅವಳ ಮನೆಯ ಹೆಂಚು ಕಾಣುತ್ತದೆ. ಬಸ್ಸಿನಲ್ಲಾದರೆ ಕೋಟೆಗೆ ಹೋಗಿ ಬಸ್ಸು ಬದಲಿಸಿ ಅರ್ಧ ದಿನ. ಬುಟ್ಟಿಯಂಥ ದುಂಡು ತೆಪ್ಪ ಇದೆ, ಆದರೆ ಅದು ಗಿರಗಿರ ತಿರುಗುತ್ತದೆಂದು ಅಕ್ಕತಂಗಿ ಇಬ್ಬರೂ ಹತ್ತುವುದಿಲ್ಲ. ಹಾಗಾಗಿ ಮದುವೆ, ತಿಥಿಗಳಲ್ಲಿ ಮಾತ್ರ ಭೇಟಿ. ಮಿಕ್ಕ ದಿನ ಒಬ್ಬರ ಹೆಂಚನ್ನು ಒಬ್ಬರು ನೋಡುತ್ತ ಫೋನಿನಲ್ಲಿ ಮಾತಾಡುತ್ತಾರೆ. ಇದನ್ನು ನೋಡಿ ನೋಡಿ ನನಗೇ ಸಂಕಟವಾಗಿ, ಮೂಲೆಗಳಲ್ಲಿ ಸೋರುತ್ತಿದ್ದ ಹಳೆಯ ಪ್ಲೈವುಡ್ ದೋಣಿಯೊಂದನ್ನು ಕೊಂಡು ತಂದೆ. ಅದರಲ್ಲಿ ಜಯಮ್ಮ ಕೂರುತ್ತಾಳೋ ಇಲ್ಲವೋ ಎಂಬುದೇ ಆಮೇಲೆ ನನ್ನ ಚಿಂತೆ.

ಮನೆಗೆ ಮೂಲೆ ಬೇಕು. ವಾಸ್ತು ಹೇಳುವವರು ಒಂದೊಂದು ಮೂಲೆಗೂ ಒಬ್ಬೊಬ್ಬ ದೇವರನ್ನು ಕೂರಿಸಿದ್ದಾರೆ. ದೋಣಿಯ ಮೂಲೆಯಲ್ಲಿ ಬಂದು ಕೂರುವುದು ನೀರು ಮಾತ್ರ. ಪಕ್ಕದ ಹಲಗೆ ತಳದ ಹಲಗೆಗೆ ಕೂಡುವ ಕಡೆ ಒಳಗಿನಿಂದ ಅಂಟು ತುಂಬಿ, ಮೂಲೆಯೇ ಇಲ್ಲದ ಹಾಗೆ ಮಡಕೆಯ ಒಳಮೈಯಂತೆ ಬಾಗಿಸಬೇಕು. ಅಂಟೆಂದರೆ ಎರಡು ಡಬ್ಬಿಯ ಎಪಾಕ್ಸಿ. ಎರಡನ್ನೂ ಬೆರೆಸಿದರೆ ಗಟ್ಟಿಯಾಗುತ್ತದೆ. ಅದಕ್ಕೆ ಹುಣಸೂರಿನ ಸಾಮಿಲ್ಲಿನ ಮರದ ಪುಡಿಯನ್ನು ಜರಡಿ ಹಿಡಿದು ಕಲಸಿ, ಮೂಲೆಗೆ ಮೆತ್ತಿ, ಚಮಚದ ಬೆನ್ನಿನಿಂದ ಒಂದೇ ಎಳೆತದಲ್ಲಿ ನೀವಬೇಕು. ಜರಡಿ ಯಾರದೆಂಬುದನ್ನು ಜಯಮ್ಮ ಆಮೇಲೆ ಕಂಡುಹಿಡಿದಳು.

ಬಲಗಡೆಯನ್ನು ನಾನೊಬ್ಬನೇ, ಕಾಫಿ ಲೋಟದಷ್ಟು ಕಲಸಿಕೊಂಡು ನಿಧಾನವಾಗಿ ಮಾಡಿದೆ. ನೀವಿ ನೀವಿ ಅದು ಕನ್ನಡಿಯಾಯಿತು. ದಾರಿಯಲ್ಲಿ ಹೋಗುವವರನ್ನೂ ಕರೆದು ಬೆರಳಾಡಿಸಿ ನೋಡಲು ಹೇಳಿದೆ. ಎಡಗಡೆಯ ಹೊತ್ತಿಗೆ ನನ್ನ ಷಡ್ಡಕ, ಅಂದರೆ ಸುಜಾತಳ ಗಂಡ ಕರೀಗೌಡ, ತೆಪ್ಪದಲ್ಲಿ ಸಹಾಯಕ್ಕೆ ಬಂದ. ನಮ್ಮ ಕಡೆಯವರಿಗೆ ಹಿಟ್ಟು ಕಂಡರೆ ಮನೆಮಂದಿಗೆಲ್ಲ ಒಟ್ಟಿಗೆ ಬೇಯಿಸುವ ಅಭ್ಯಾಸ.

"ಚೂರು ಚೂರು ಯಾಕಣ್ಣ, ಒಂದೇ ಸಲಕ್ಕೆ ಕಲಸ್ಬುಡಣ ಬುಡಿ" ಎಂದು ಮುದ್ದೆ ತಿರುವುವಂತೆ ಬಾಂಡಲೆ ತುಂಬ ತಿರುವಿದ.

ಈ ಅಂಟು ರಾಶಿಯಾಗಿದ್ದಷ್ಟೂ ಬೇಗ ಕಾಯುತ್ತದೆ, ಬೇಗ ಬಿಗಿಯುತ್ತದೆ. ಬಾಂಡಲೆ ಬಿಸಿಯೇರತೊಡಗಿದ್ದೇ ಇಬ್ಬರೂ ಗಾಬರಿಯಾಗಿ, ಕೈಗವಸಿನಲ್ಲೇ ಬಾಚಿ ಬಾಚಿ ಮೂಲೆಗೆ ಬಡಿದೆವು. ಅದು ಹಾಗೇ ಗಂಟು ಗಂಟಾಗಿ ಕಲ್ಲಾಯಿತು. ಉಪ್ಪುಕಾಗದ ಹಾಕಿ ಉಜ್ಜಿ ನನ್ನ ಭುಜ ಸವೆಯಿತೇ ಹೊರತು ಗಂಟು ಸವೆಯಲಿಲ್ಲ.

ನೀರಿಗಿಳಿಸಿದ ದಿನ ಎರಡು ಕಡೆಯೂ ಒಂದು ಹನಿ ಸೋರಲಿಲ್ಲ. ಜಯಮ್ಮ ದಡದಲ್ಲಿ ನಿಂತು ಬಹಳ ಹೊತ್ತು ನೋಡಿದಳು. ನಾನು ಬಲಗಡೆ ತಳದ ಹಲಗೆಯ ಮೇಲೆ ಟವೆಲ್ಲು ಹಾಸಿ, ನುಣುಪಿನ ಮಹತ್ವದ ಬಗ್ಗೆ ಚಿಕ್ಕದೊಂದು ಭಾಷಣ ಮಾಡಿದೆ. ಅವಳು ಬಗ್ಗಿ ಎರಡೂ ಮೂಲೆ ಮುಟ್ಟಿ ನೋಡಿದಳು.

"ಆ ಕಡೆದು ನೋಡಕ್ಕೆ ಚೆಂದ ಕಣ್ರೀ. ಈ ಕಡೆ ಅಂಟು ದಂಡಿಯಾಗಿ ಅದೆ. ನಾ ಇಲ್ಲೇ ಕೂತ್ಕತೀನಿ."

ಕೂತೇಬಿಟ್ಟಳು. ದೋಣಿ ವಾಲಬಾರದಲ್ಲ, ಬಲಗಡೆಗೆ ನಾನು ಕೂತು ಹುಟ್ಟು ಹಾಕಿದೆ. ಆ ದಡ ಮುಟ್ಟುವ ತನಕ ಅವಳು ಒಂದು ಗಂಟನ್ನು ಬಿಡದೆ ಹಿಡಿದುಕೊಂಡಿದ್ದಳು. ಅಲ್ಲಿ ಸುಜಾತ ಕಾಯುತ್ತಿದ್ದಳು. ಅಕ್ಕತಂಗಿ ಕೈ ಹಿಡಿದುಕೊಂಡು ಮನೆ ಕಡೆ ನಡೆದರು. ನನ್ನ ಕೆಲಸದ ಬಗ್ಗೆ ಯಾರೂ ಒಂದು ಮಾತು ಆಡದಿದ್ದರೂ ನನಗೆ ತುಂಬ ಖುಷಿಯಾಯಿತು.

ಸಂಜೆ ಹೊರಡುವಾಗ ಜಯಮ್ಮ ತಂಗಿಯನ್ನೂ ಹೊರಡಿಸಿಕೊಂಡು ಬಂದಳು, ನಾಲ್ಕು ದಿನ ಇದ್ದು ಹೋಗಲೆಂದು. ನೀರಿನ ಅಂಚಿನಲ್ಲಿ ಸುಜಾತಳ ಕಾಲು ಹಿಂದೇಟು ಹಾಕಿತು. ಜಯಮ್ಮ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

"ಈ ಗಂಟಿನ ಮ್ಯಾಲೆ ಕೈ ಮಡಗು. ಭಯ ಆಗಕಿಲ್ಲ."

ಎಡಕ್ಕೆ ಇಬ್ಬರಾದದ್ದರಿಂದ ಕರೀಗೌಡ ಹುಟ್ಟು ಹಿಡಿದು ನನ್ನ ಮಗ್ಗುಲಿಗೆ ಬಂದು ಕೂತ. ನಡುನೀರಿನಲ್ಲಿ ಗಾಳಿಗೆ ದೋಣಿ ಒಮ್ಮೆ ಓಲಾಡಿತು. ಅವರಿಬ್ಬರೂ ಗಂಟು ಹಿಡಿದುಕೊಂಡು ಮಾತು ಮುಂದುವರಿಸಿದರು. ನಾನೂ ಕೈ ಚಾಚಿದೆ. ನಮ್ಮ ಕಡೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.