ಅಣ್ಣ ಕಂಡುಹಿಡಿದ ಬಟ್ಟೆ

ನನ್ನ ಅಣ್ಣ ಸಂಪತ್ ಕುಮಾರನ ಹೆಸರಿನಲ್ಲಿ ಒಂದು ಪೇಟೆಂಟ್ ಇದೆ. ಮಳವಳ್ಳಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇಷ್ಟನ್ನು ಹೇಳುತ್ತಾರೆ. ಯಾವುದಕ್ಕೆ ಪೇಟೆಂಟ್ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ಕಾಫಿಪುಡಿ ಅಂಗಡಿಯವರ ಪ್ರಕಾರ ಅದು ಡಿಕಾಕ್ಷನ್ ಸೋಸುವ ಬಟ್ಟೆ. ದೇವಸ್ಥಾನದ ಭಟ್ಟರು ಶಿವನಸಮುದ್ರದ ಕರೆಂಟಿಗೂ ಅದಕ್ಕೂ ಏನೋ ಸಂಬಂಧವಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ತಪ್ಪು ಕಂಡರೆ ಕೆಂಪು ಮಸಿ ಹುಡುಕುವ ಚಾಳಿ ಇನ್ನೂ ಹೋಗಿಲ್ಲ. ಮೊದಲೆಲ್ಲ ಇವರನ್ನು ನಿಲ್ಲಿಸಿಕೊಂಡು ತಿದ್ದುತ್ತಿದ್ದೆ. ಈಗ ಸುಮ್ಮನಿರುತ್ತೇನೆ. ಅಣ್ಣ ಕಂಡುಹಿಡಿದದ್ದು ಏನು ಎಂದು ಈಗ ನನಗೂ ಸರಿಯಾಗಿ ಗೊತ್ತಿಲ್ಲ, ಅಣ್ಣನಿಗೂ ಗೊತ್ತಿಲ್ಲ.

ಅಣ್ಣನಿಗೆ ಚಿಕ್ಕಂದಿನಿಂದಲೂ ನಾರಿನ ಹುಚ್ಚು. ನಮ್ಮಪ್ಪ ಮೇಷ್ಟ್ರು, ಮಗನೂ ಮೇಷ್ಟ್ರಾಗಲಿ ಎಂದು ಅವರಿಗೆ ಆಸೆ. ಇವನು ಜವಳಿ ಡಿಪ್ಲೊಮಾ ಮಾಡಿ ಮದ್ದೂರಿನ ಹತ್ತಿರದ ಒಂದು ಕಾರ್ಖಾನೆ ಸೇರಿದ. ಅಲ್ಲಿ ಸೀರೆ ಪಂಚೆ ನೇಯುತ್ತಿರಲಿಲ್ಲ. ಸಿಮೆಂಟ್ ಕಾರ್ಖಾನೆಗಳ ಹೊಗೆಯಿಂದ ಧೂಳು ಹಿಡಿಯುವ ಚೀಲಕ್ಕೆ, ಕೊಳೆ ನೀರು ಸೋಸುವುದಕ್ಕೆ ಬೇಕಾದ ದಪ್ಪ ಬಟ್ಟೆ ಮಾಡುತ್ತಿದ್ದರು. ಮಗ್ಗದ ಕೆಲಸವೇ ಇಲ್ಲ. ನಾರನ್ನು ಹಿಂಜಿ ಹರಡಿ, ಸಾವಿರಾರು ಸೂಜಿಗಳಿಂದ ಚುಚ್ಚಿ ಚುಚ್ಚಿ ಕಂಬಳಿಯ ಹಾಗೆ ಗಟ್ಟಿ ಮಾಡುವುದು. ಆ ಸೂಜಿಗಳ ಸದ್ದಿನಲ್ಲೇ ಅಣ್ಣನ ನೌಕರಿಯ ಕಾಲವೆಲ್ಲ ಕಳೆಯಿತು. ಅವನ ಇನ್ನೊಂದು ರೋಗ ಸತ್ಯ ಹೇಳುವುದು. ಮದುವೆ ಮನೆಯಲ್ಲಿ ಪಕ್ಕದವರ ಶಲ್ಯದಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು ಮೂಸಿ, "ರೇಷ್ಮೆ ಅಂತ ನಿಮಗೆ ಟೋಪಿ ಹಾಕಿದಾರೆ" ಎಂದು ಎಲ್ಲರೆದುರಿಗೆ ಹೇಳುವವನು. ಅತ್ತಿಗೆ ಹರಿಪ್ರಿಯಾ ಅವನನ್ನು ಮದುವೆಗಳಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟರು.

ನಿವೃತ್ತಿಯಾದ ಮೇಲೆ ಅವನ ಗಮನ ಬೆಲ್ಲದ ಮೇಲೆ ಬಿತ್ತು. ಮಂಡ್ಯದ ಮಂಡಿಯಲ್ಲಿ ಬೆಲ್ಲಕ್ಕೆ ಬಣ್ಣ ನೋಡಿಯೇ ಬೆಲೆ ಕಟ್ಟುವುದು. ಕಬ್ಬಿನ ಹಾಲಿನಲ್ಲಿ ಕಣ್ಣಿಗೆ ಕಾಣದ ಮಣ್ಣು ಇರುತ್ತದೆ. ಬೆಂಡೆ ಗಿಡ ಜಜ್ಜಿ, ಅದರ ಲೋಳೆಯನ್ನು ಕೊಪ್ಪರಿಗೆಗೆ ಹಾಕಿ ಕುದಿಸಿ, ಮೇಲೆ ಬಂದ ಮಡ್ಡಿಯನ್ನು ತೆಗೆದರೂ ಆ ಸಣ್ಣ ಮಣ್ಣು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಹಲವರು ಹೊಂಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕದ ಪುಡಿ ಸುರಿಯುತ್ತಾರೆ. ಅಣ್ಣನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ತೋಟದಲ್ಲಿ ಕೊಳೆತು ಹೋಗುವ ಬಾಳೆ ದಿಂಡಿನ ನಾರನ್ನು ಪಾಲಿಯೆಸ್ಟರ್ ನಾರಿನ ಜೊತೆ ಬೆರೆಸಿ, ಹಳೆಯ ಕಾರ್ಖಾನೆಯವರನ್ನೇ ಕಾಡಿ ಬೇಡಿ, ಒಂದು ಬಿಳಿ ಬಟ್ಟೆ ಮಾಡಿಸಿದ. ಗಾಣದಿಂದ ಬಂದ ಹಾಲು ಕೊಪ್ಪರಿಗೆಗೆ ಬೀಳುವ ಮೊದಲು ಈ ಬಟ್ಟೆಯ ಮೂಲಕ ಇಳಿಯಬೇಕು. ಮಣ್ಣು ನಾರಿಗೆ ಹಿಡಿದುಕೊಳ್ಳುತ್ತದೆ, ಪುಡಿಯ ಹಂಗೇ ಬೇಡ. ಇದು ಅವನ ಲೆಕ್ಕಾಚಾರ.

ಪರೀಕ್ಷೆಗೆ ಸಿಕ್ಕಿದ್ದು ಹಲಗೂರಿನ ಕೆಂಪಯ್ಯನ ಆಲೆಮನೆ. ಕೆಂಪಯ್ಯ ನಮ್ಮಪ್ಪನ ಹತ್ತಿರ ಓದಿದವನು, ಅಂದರೆ ಪೆಟ್ಟು ತಿಂದವನು. ಕೊಪ್ಪರಿಗೆಯ ಉಸ್ತುವಾರಿ ಅವನ ಅಕ್ಕ ಪಟ್ಟಲಮ್ಮನದು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇರುವ ಹೆಂಗಸು. ಮಾತು ಕಡಿಮೆ, ಆಡಿದರೆ ಬಿರುಸು. ಅಣ್ಣ ಪ್ರತಿ ಸಲವೂ ಹೊಸ ತುಂಡು ಬಟ್ಟೆ ಒಯ್ದು, ಸೋಸಿದ ಬಟ್ಟೆಯನ್ನು ಪರೀಕ್ಷೆಗೆಂದು ವಾಪಸ್ ತರುತ್ತಿದ್ದ. ಮೊದಲ ದಿನವೇ ಬೆಲ್ಲ ಎಂಥ ಬಣ್ಣಕ್ಕೆ ಬಂತೆಂದರೆ, ಕೆಂಪಯ್ಯ ಅಚ್ಚೊಂದನ್ನು ಬಿಸಿಲಿಗೆ ಹಿಡಿದು, "ಅಯ್ನೋರೆ, ನಿಮ್ಮಪ್ಪಾರು ಹೊಡ್ದಿದ್ದು ಸಾರ್ಥಕ ಆಯ್ತು ಕಣ್ರೀ" ಅಂದನಂತೆ. ಹೋದಾಗಲೆಲ್ಲ ಅದೇ ಫಲ. ಅಣ್ಣ ಅರ್ಜಿ ಹಾಕಿದ. ಯಾವ ವಸ್ತುವನ್ನೂ ಸೇರಿಸದೆ, ಬರೀ ನಾರಿನ ಗುಣದಿಂದಲೇ ಸೋಸುವ ಬಟ್ಟೆ ಎಂದು ಪೇಟೆಂಟ್ ಬಂತು. ಅತ್ತಿಗೆ ಬೀದಿಗೆಲ್ಲ ಪುಳಿಯೋಗರೆ ಹಂಚಿದರು.

ಆಮೇಲೆ ಶುರುವಾಯಿತು ಗ್ರಹಚಾರ. ಹೊರಗಿನ ಒಂದು ಕಂಪನಿ ಈ ಬಟ್ಟೆಯನ್ನು ತಯಾರಿಸುತ್ತೇವೆಂದು ಮುಂದೆ ಬಂತು. ಅವರ ಎಂಜಿನಿಯರ್ ಶ್ರೀಕಾಂತ್ ಆತಗೂರಿನ ಒಂದು ಆಲೆಮನೆಯಲ್ಲಿ ಕೈಗವಸು ಹಾಕಿಕೊಂಡು ತಾನೇ ಬಟ್ಟೆ ಕಟ್ಟಿ ನೋಡಿದ. ಬೆಲ್ಲ ಕಪ್ಪಗೆ ಬಂತು. ಇನ್ನೊಂದು ಕಡೆ ಕಟ್ಟಿದರು, ಅಲ್ಲೂ ಕಪ್ಪು. ಅದೇ ಬಟ್ಟೆಯನ್ನು ಅಣ್ಣ ಹಲಗೂರಿಗೆ ಒಯ್ದರೆ ಹೊಂಬಣ್ಣ! ಅಣ್ಣನ ತಲೆ ಕೆಟ್ಟು ಕೆರ ಹಿಡಿಯಿತು. ನೀರಿನ ಗುಣವೇ? ಆತಗೂರಿನ ನೀರು ತಂದು ಹಲಗೂರಿನಲ್ಲಿ ಗಾಣ, ಕೊಪ್ಪರಿಗೆ ತೊಳೆಸಿದ. ಕಬ್ಬಿನ ತಳಿಯೇ? ಕಬ್ಬು ಹೊತ್ತು ತಂದ. ಮಣ್ಣೇ, ಒಲೆಯೇ, ಕೊಪ್ಪರಿಗೆಯ ತಗಡೇ? ಯಾವುದನ್ನು ಬದಲಾಯಿಸಿದರೂ ಹಲಗೂರಿನಲ್ಲಿ ಬೆಲ್ಲ ಚಿನ್ನ, ಬೇರೆಲ್ಲೂ ಇಲ್ಲ. ಊಟಕ್ಕೆ ಕೂತವನು ಸಾರಿಗೆ ಮಜ್ಜಿಗೆ ಕಲಸಿಕೊಂಡು ಉಂಡೇಳುತ್ತಿದ್ದ.

"ಗೋದಾ, ನಾನು ಸುಳ್ಳು ಹೇಳಿದೀನಿ ಅಂತ ಅವರು ಅಂದ್ಕೊಂಡಿದಾರೆ ಕಣೇ" ಎಂದ ಒಂದು ಸಂಜೆ. ಅವನಿಗೆ ಬಟ್ಟೆ ಮಾರಾಟವಾಗುವುದು ಮುಖ್ಯವಾಗಿರಲಿಲ್ಲ. ತಾನು ಹೇಳಿದ್ದು ನಿಜ ಎಂದು ತೋರಬೇಕಿತ್ತು, ಅಷ್ಟೆ. ಕೊನೆಯದಾಗಿ ಹಲಗೂರಿಗೇ ಬಂದು ಕಣ್ಣಾರೆ ನೋಡುತ್ತೇವೆ, ಆಮೇಲೆ ಒಂದು ತೀರ್ಮಾನ, ಎಂದು ಕಂಪನಿಯವರು ದಿನ ಗೊತ್ತು ಮಾಡಿದ್ದರು.

ಅದರ ಹಿಂದಿನ ದಿನ ಇನ್ನೊಮ್ಮೆ ನೋಡಿ ಬರುತ್ತೇನೆಂದು ಅಣ್ಣ ಹೊರಟ. ಅವನನ್ನು ಒಬ್ಬನೇ ಬಿಡಲು ಮನಸ್ಸಾಗದೆ ನಾನೂ ಬಸ್ಸು ಹತ್ತಿದೆ. ಆಲೆಮನೆಯಲ್ಲಿ ದಿನದ ಮೊದಲ ಕೊಪ್ಪರಿಗೆಗೆ ಮುಂಚೆ ಒಲೆಗೆ ಪೂಜೆ. ಒಲೆಯ ಬಾಯಿ ಗೋಡೆಯಾಚೆ, ಗುಂಡಿಯಲ್ಲಿ. "ಅಯ್ನೋರೆ, ಬನ್ನಿ. ನೀವಿದ್ದೂ ನಾವು ಕರ್ಪೂರ ಅಚ್ಚುದ್ರೆ ಚೆಂದಾಗಿರಕಿಲ್ಲ" ಎಂದು ಕೆಂಪಯ್ಯ ಅಣ್ಣನನ್ನು ಕರೆದುಕೊಂಡು ಹೋದ. ಆಳುಗಳೂ ಹಿಂದೆಯೇ ಹೋದರು. ಪ್ರತಿ ಸಲವೂ ಇದೇ ಪದ್ಧತಿಯಂತೆ. ನಾನು ಕಬ್ಬಿನ ಹಾಲು ಕುಡಿಯುತ್ತಾ ಪಟ್ಟಲಮ್ಮನ ಪಕ್ಕದಲ್ಲೇ ನಿಂತಿದ್ದೆ. ಆಕೆ ಬಟ್ಟೆಯ ಸುರುಳಿ ಬಿಚ್ಚಿ, ಪಕ್ಕದಲ್ಲಿದ್ದ ಬೆಂಡೆ ಲೋಳೆಯ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ, ಹಿಂಡಿ, ಮೂಲೆಗೆ ಚಿಟಿಕೆ ಅರಿಶಿನ ಒತ್ತಿ, ಆಮೇಲೆ ಕೊಪ್ಪರಿಗೆಯ ಮೇಲೆ ಕಟ್ಟಿದಳು.

"ಅದ್ಯಾಕಮ್ಮ ಅದ್ದಿದ್ದು?" ಎಂದೆ.

"ನೀರು ಮುಟ್ದಿರೋ ಕೋರಾ ಬಟ್ಟೇನ ಅಂಗೇ ಆಕಕ್ಕಾದದಾ? ನೀರು ದೂರ, ಇದು ಕೈಗೆ ಸಿಕ್ತು, ಅದ್ದುದೆ" ಎಂದು ಪಿಸುಗುಟ್ಟಿ, ಬೆರಳನ್ನು ತುಟಿಗಿಟ್ಟುಕೊಂಡಳು. "ಒಲೆ ಮುಂದೆ ಅಂತ ಮಾತು ಬ್ಯಾಡಿ."

ಹೊಸ ಬಿಳಿ ಬಟ್ಟೆಯನ್ನು ನೀರು ಮುಟ್ಟಿಸದೆ ಹೊದಿಸುವುದು ಹೆಣಕ್ಕೆ ಮಾತ್ರ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತಿಗೆ ಮಾತು ಬಂದು ಹೇಳಿದೆ. ಅಣ್ಣ ಮೊದಲು ನಕ್ಕ. ಆಮೇಲೆ, "ಏನಂದೆ? ಯಾವುದರಲ್ಲಿ ಅದ್ದಿದ್ದು?" ಎಂದ. ಇನ್ನೊಮ್ಮೆ ಹೇಳಿದೆ.

ಮನೆಗೆ ಬಂದು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತ. "ಲೋಳೆ ನಾರಿಗೆ ಹಿಡ್ಕೊಂಡು, ಆ ಲೋಳೆ ಮಣ್ಣು ಹಿಡಿದಿದೆ. ನಾರು ಹಿಡಿದಿದ್ದಲ್ಲ. ಅದ್ದಿದರೆ ಅದು ನನ್ನದಲ್ಲ. ಅದ್ದದಿದ್ದರೆ ಅದು ಏನೂ ಅಲ್ಲ. ಹಾಗಾದ್ರೆ ನನ್ನ ಹೆಸರಲ್ಲಿರೋದು ಏನೇ?"

ನನಗೆ ಸಿಟ್ಟು ಬಂತು. "ಅಣ್ಣ, ನಾಳೆ ನೀನು ಬಾಯಿ ಮುಚ್ಕೊಂಡು ಕರ್ಪೂರ ಹಚ್ಚು. ಆಕೆ ಎಂದಿನ ಹಾಗೆ ಅದ್ದಿ ಕಟ್ಟಲಿ. ನೀನೇನು ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು" ಎಂದೆ. ಅವನು ನನ್ನನ್ನು ಪರಿಚಯವೇ ಇಲ್ಲದವರ ಹಾಗೆ ನೋಡಿದ. ಅತ್ತಿಗೆ ಒಳಗಿನಿಂದ, "ಅವರಿಗೆ ಹೇಳಿ ಪ್ರಯೋಜನವಿಲ್ಲ ಬಿಡು ಗೋದಾ" ಎಂದರು.

ಮರುದಿನ ಅಣ್ಣನ ಜೊತೆ ನಾನೂ ಮತ್ತೆ ಹಲಗೂರಿಗೆ ಹೋದೆ. ಶ್ರೀಕಾಂತ್ ಕಾರಿನಲ್ಲಿ ಬಂದ. ಮರ್ಯಾದಸ್ಥ, ಅಣ್ಣನ ಕಾಲಿಗೆ ನಮಸ್ಕಾರ ಮಾಡಿದ. ಕೆಂಪಯ್ಯ ಎಂದಿನಂತೆ ಕರ್ಪೂರಕ್ಕೆ ಕರೆದ.

"ಇವತ್ತು ನೀನೇ ಹಚ್ಚು, ಕೆಂಪಯ್ಯ" ಎಂದ ಅಣ್ಣ, ನೆಟ್ಟಗೆ ಹೋಗಿ ಬಟ್ಟೆಯ ಸುರುಳಿ ಬಿಚ್ಚಿದ. ಪಟ್ಟಲಮ್ಮ ಇನ್ನೊಂದು ತುದಿ ಹಿಡಿದಳು.

"ಬ್ಯಾಡಿ ಅಯ್ನೋರೆ. ಅಂಗೇ ಆಕ್ಬ್ಯಾಡಿ."

"ಒಂದೇ ಒಂದು ಸಲ, ಪಟ್ಟಲಮ್ಮ."

"ಒಂದ್ಸಲಾನೂ ಬ್ಯಾಡಿ."

ಅಣ್ಣ ಬಿಡಲಿಲ್ಲ. ಒಣ ಬಟ್ಟೆಯನ್ನೇ ಕಟ್ಟಿದ. ಪಟ್ಟಲಮ್ಮ ಸೆರಗು ಕೊಡವಿ ಹೊರಗೆ ಹುಣಸೆ ಮರದ ಕೆಳಗೆ ಹೋಗಿ ಕೂತಳು. ಹಾಲು ಸೋಸಿತು, ಕುದಿಯಿತು, ಪಾಕ ಬಂತು. ಅಚ್ಚಿಗೆ ಹೊಯ್ದ ಬೆಲ್ಲ ಹಳೆ ಹುಣಸೆಹಣ್ಣಿನ ಬಣ್ಣಕ್ಕಿತ್ತು.

"ಕೋರಾ ಬಟ್ಟೆ ಆಕುದ್ರೆ ಇನ್ನೇನಾದದು?" ಎಂದ ಕೆಂಪಯ್ಯ. ಆಳುಗಳೆಲ್ಲ ತಲೆದೂಗಿದರು. ಅವರ ಮಟ್ಟಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಅಣ್ಣ ಶ್ರೀಕಾಂತನಿಗೆ ಒಂದೂ ಬಿಡದೆ ಹೇಳಿದ. ಎರಡನೆಯ ಕೊಪ್ಪರಿಗೆಗೆ ಲೋಳೆಯಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿ ತೋರಿಸಿದ. ಬೆಲ್ಲ ಚಿನ್ನದಂತೆ ಬಂತು. ನನಗೆ ಅಳು ಬರುವಂತಾಯಿತು. ಯಾರಾದರೂ ತನ್ನ ಪೇಟೆಂಟನ್ನು ತಾನೇ ಹೀಗೆ ಒಲೆಗೆ ಹಾಕಿಕೊಳ್ಳುತ್ತಾರೆಯೇ?

ಆದರೆ ಶ್ರೀಕಾಂತನ ಮುಖ ಅರಳಿತ್ತು. "ಸರ್, ಇದು ಮೊದಲಿನದಕ್ಕಿಂತ ದೊಡ್ಡದು! ಬಾಳೆ ನಾರಿಗೆ ಬೆಂಡೆ ಲೋಳೆ ಹೀಗೆ ಕೂರುತ್ತೆ ಅಂತ ಯಾರೂ ಹೇಳಿಲ್ಲ. ಹೊಸ ಅರ್ಜಿ ಹಾಕೋಣ, ನಮ್ಮ ಕಂಪನಿ ನಿಮ್ಮ ಜೊತೆ ಇರುತ್ತೆ."

ಅಣ್ಣನ ಮುಖಕ್ಕೂ ಬಹಳ ದಿನದ ಮೇಲೆ ಕಳೆ ಬಂತು. "ಹಾಗಾದರೆ ಎರಡು ಹೆಸರು. ಮೊದಲು ಪಟ್ಟಲಮ್ಮನದು."

"ಆಗಲಿ ಸರ್. ಲೋಳೇಲಿ ಅದ್ದಬೇಕು ಅಂತ ಅವರಿಗೆ ಹೇಗೆ ಹೊಳೀತು, ಅಷ್ಟು ಕೇಳಿ. ನಮ್ಮವರು ಅದನ್ನೇ ದೊಡ್ಡದಾಗಿ ಪ್ರಚಾರ ಮಾಡ್ತಾರೆ. ಹಳ್ಳಿಯ ಹೆಂಗಸು, ವಿಜ್ಞಾನ, ಫೋಟೊ, ಎಲ್ಲ." ಶ್ರೀಕಾಂತ್ ಫೋನ್ ಮಾಡಲು ಕಾರಿನ ಕಡೆ ಹೋದ.

ಅಣ್ಣನೂ ನಾನೂ ಹುಣಸೆ ಮರದ ಹತ್ತಿರ ಹೋದೆವು. ಅಣ್ಣ ಮಗುವಿನ ಉತ್ಸಾಹದಿಂದ ಎಲ್ಲವನ್ನೂ ವಿವರಿಸಿದ. ಇದು ನಿಮ್ಮದೇ, ಇಡೀ ದೇಶಕ್ಕೆ ಗೊತ್ತಾಗುತ್ತದೆ ಎಂದ. ಪಟ್ಟಲಮ್ಮ ಕೇಳುವಷ್ಟೂ ಕೇಳಿದಳು.

"ನಾನೇನ್ ಕಂಡಿಡ್ದೆ ಅಂತ ಬರೀತೀರಾ ಅಯ್ನೋರೆ?"

"ಅದ್ದಬೇಕು ಅಂತ ನಿಮಗೆ ತೋಚಿತಲ್ಲ, ಅದನ್ನು."

ಆಕೆ ಆಲೆಮನೆಯ ಕಡೆ ನೋಡಿದಳು. ಒಲೆ ಅಲ್ಲಿಗೆ ಕಾಣುತ್ತಿರಲಿಲ್ಲ. "ನಮ್ಮೆಜಮಾನ್ರು ಇಲ್ಲೇ ಗಾಣ ನೋಡ್ಕತಿದ್ರು, ಅದ್ರ ತಾವೇ ಬಿದ್ದು ತೀರೋದ್ರು. ಒಳೀಕೆ ತಂದು, ಕೊಪ್ಪರಿಗೆ ಪಕ್ಕದಲ್ಲೇ ಮಲಗ್ಸಿ, ಇಂತ ಬಟ್ಟೇನೇ ಒದ್ಸುದ್ರು. ನೀವು ಮೊದುಲ್ನೇ ದಿನ ಸುರುಳಿ ಬಿಚ್ಚುದ್ರಲ್ಲಾ, ನಂಗೆ ಅವ್ರೇ ಕಂಡ್ರು. ಕಣ್ಣು ಮುಚ್ಕಂಡು ತೊಟ್ಟಿಗೆ ಅದುಮ್ದೆ, ಅದು ಆ ಬಟ್ಟೆ ಅಲ್ಲ ಅನ್ನಂಗೆ ಆಗ್ಲಿ ಅಂತ. ನೀವು ತಂದಾಗ್ಲೆಲ್ಲ ಅಂಗೇ ಮಾಡ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ತೋಚೂ ಇಲ್ಲ, ಏನೂ ಇಲ್ಲ. ಎದ್ರಿಕೊಂಡು ಅದ್ದುದೆ. ಇದ್ನ ಬರೀತೀರಾ?"

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಕಾರಿನ ಹತ್ತಿರ ಹೋದ. ನಾನೂ ಹಿಂದೆ ಹೋದೆ.

"ಏನಂದ್ರು ಸರ್? ಹೇಗೆ ಹೊಳೀತಂತೆ?" ಶ್ರೀಕಾಂತ್ ಕೇಳಿದ.

"ಆಕೆಗೆ ನೆನಪಿಲ್ಲವಂತಪ್ಪ" ಎಂದ ಅಣ್ಣ. "ಅರ್ಜಿ ಗಿರ್ಜಿ ಬೇಡ. ಇದು ಯಾರು ಕಂಡುಹಿಡಿದದ್ದೂ ಅಲ್ಲ, ಮೊದಲ ದಿನ ಬಟ್ಟೆ ಕೈತಪ್ಪಿ ತೊಟ್ಟಿಗೆ ಬಿದ್ದಿದ್ದು, ಅಷ್ಟೆ."

ನನ್ನ ಅಣ್ಣ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂದಿನ ದಿನ ಸುಮ್ಮನಿರು ಎಂದು ಬೇಡಿಕೊಂಡವಳು ನಾನು; ಈಗ ಸತ್ಯ ಹೇಳಬಾರದಿತ್ತೇ ಎನ್ನಿಸಿತು, ಹೇಳದ್ದೇ ಸರಿ ಎಂದೂ ಎನ್ನಿಸಿತು. ಬಸ್ಸು ಬಂದಾಗ ಅವನ ಕೈ ಹಿಡಿದು ಹತ್ತಿಸಿದೆ, ಅವನೂ ಬಿಡಿಸಿಕೊಳ್ಳಲಿಲ್ಲ.